ಬಾನುಲಿಯ ಯಜಮಾನ ಜಾನ್ ರೀತ್

ಇಂಗ್ಲೆಂಡಿನ ಬಾನುಲಿ ಸಂಸ್ಥೆಯಾದ ಬಿ.ಬಿ.ಸಿ.ಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅದನ್ನು ಕಟ್ಟಿ ಬೆಳೆಸಿದ ಜಾನ್ ರೀತರು 1889ರ ಜುಲೈ 20ರಂದು ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಎಂಜಿನಿಯರರಾಗಿ, ಮೊದಲನೆಯ ಮಹಾಯುದ್ಧಕ್ಕೆ ಹೋಗಿ, 1915ರಲ್ಲಿ ಕೆನ್ನೆಗೆ ಗುಂಡು ತಗುಲಿಯೂ ಬದುಕಿ ಬಂದರು. ಆರೂವರೆ ಅಡಿ ಎತ್ತರದ ಆಳು. ಮುಖದ ಮೇಲೆ ಆ ಗಾಯದ ಗುರುತು. ಕೈಕೆಳಗಿನವರು ಅವರೆದುರು ನಿಲ್ಲಲು ಅಂಜುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. 1922ರ ಡಿಸೆಂಬರಿನಲ್ಲಿ ಬಿ.ಬಿ.ಸಿ.ಯ ಆಡಳಿತವನ್ನು ವಹಿಸಿಕೊಂಡಾಗ ಅದಿನ್ನೂ ರೇಡಿಯೋ ತಯಾರಕರ ಒಂದು ಖಾಸಗಿ ಕಂಪನಿ. ಬಾನುಲಿಯ ವಿಷಯದಲ್ಲಿ ರೀತರ ತಿಳಿವಳಿಕೆಯೂ ಅತ್ಯಲ್ಪ.

ಅವರ ನಿಜವಾದ ಪರೀಕ್ಷೆ ನಡೆದುದು 1926ರ ಮೇ ತಿಂಗಳಿನಲ್ಲಿ. ಕಲ್ಲಿದ್ದಲ ಗಣಿಗಳ ಒಡೆಯರು ಕೂಲಿಯನ್ನು ತಗ್ಗಿಸಿ ದುಡಿಮೆಯ ಅವಧಿಯನ್ನು ಹೆಚ್ಚಿಸಹೊರಟರು. ಗಣಿಗಾರರ ಬೆಂಬಲಕ್ಕಾಗಿ 15 ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದರು. (ಮುಷ್ಕರವೆಂದರೇನೆಂಬುದನ್ನು ಗಿರಣಿಗಳ ನಗರವಾಗಿದ್ದ ಮುಂಬಯಿಯ ನಮ್ಮ ಹಿರಿಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.) ಮುದ್ರಣಾಲಯದವರೂ ಕೆಲಸ ನಿಲ್ಲಿಸಿದ್ದರಿಂದ ಹೆಚ್ಚಿನ ಪತ್ರಿಕೆಗಳು ಹೊರಬೀಳಲಿಲ್ಲ. ಅದುವರೆಗೆ ಸಂಜೆ ಏಳರ ಮುನ್ನ ವಾರ್ತೆ ಬಿತ್ತರಿಸಬಾರದೆಂಬ ಕಟ್ಟಿಗೆ ಒಳಗಾಗಿದ್ದ ಬಿ.ಬಿ.ಸಿ. ಈಗ ದಿನಕ್ಕೆ ಐದು ಬಾರಿ ವಾರ್ತೆ ಓದತೊಡಗಿತು. ಜನರೆಲ್ಲ ಅದಕ್ಕೇ ಕಿವಿಗೊಟ್ಟು ಕುಳಿತರು.

ಮಂತ್ರಿಗಳಾಗಿದ್ದ ವಿನ್‌ಸ್ಟನ್ ಚರ್ಚಿಲ್ಲರು ಬಾನುಲಿಯನ್ನು ಸರ್ಕಾರವೇ ವಶಪಡಿಸಿಕೊಳ್ಳಬೇಕೆಂದು ಹಟ ಹಿಡಿದರು. ಕಾನೂನಿನಲ್ಲಿ ಅದಕ್ಕೆ ಅವಕಾಶವೂ ಇತ್ತು. ರೀತರು ಒಪ್ಪಲಿಲ್ಲ. ಸರ್ಕಾರದ ಮಾತಿನೊಡನೆ ಕೆಲಸಗಾರರ ಸಂಘದ ಹೇಳಿಕೆಗಳನ್ನೂ ವಾರ್ತೆಯಲ್ಲಿ ಓದಿಸಿದರು. ಪ್ರಧಾನಿ ಬಾಲ್ಡ್ವಿನ್ನರು ಚರ್ಚಿಲ್ಲರ ಮಾತಿಗೆ ಮಣಿಯಲಿಲ್ಲ. ಬಾನುಲಿ ಸರ್ಕಾರದ ಕೈಸೇರದೆ ಉಳಿಯಿತು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಬರೆದಂತಾದೀತು. ವಿರೋಧಪಕ್ಷದ ನಾಯಕ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡರು ಮಾತನಾಡಲು ಅವಕಾಶ ಬೇಡಿದರು; ಸರ್ಕಾರದವರು ಬೇಡವೆಂದರು, ರೀತರು ಸುಮ್ಮನಾದರು. ಪ್ರಧಾನಿಯಾದರೋ ರೀತರ ಮನೆಯಿಂದಲೇ ನಾಡಿಗೆ ಭಾಷಣ ಮಾಡಿದರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಸಂಧಾನದ ಮನವಿ ಹಲವು ದಿನ ತಡೆಯಲ್ಪಟ್ಟು, ಮುಷ್ಕರ ಮುಗಿಯುವ ಹಿಂದಿನ ದಿನವಷ್ಟೇ ಬಿತ್ತರವಾಯಿತು. ತಾವು ಪೂರ್ಣ ನಿಷ್ಪಕ್ಷಪಾತಿಗಳಾಗಿರಲಾರೆವೆಂಬ ಭರವಸೆ ಸರ್ಕಾರಕ್ಕೆ ಇದೆಯೆಂಬ ಅರ್ಥ ಬರುವಂತೆ ರೀತರು ತಮ್ಮ ದಿನಚರಿಯಲ್ಲಿಯೇ ಬರೆದುಕೊಂಡರು. ಅವರು ಬಗ್ಗದಿದ್ದರೆ ಸಂಸ್ಥೆಯೇ ಸರ್ಕಾರದ ಪಾಲಾಗುತ್ತಿತ್ತೆಂದು ವಾದಿಸುವವರುಂಟು. ಇರಬಹುದು, ಬಾಯಿ ಮುಚ್ಚಿಸಿಕೊಂಡ ಪಕ್ಷದವರಿಗೆ ಆ ಮಾತು ಸಮಾಧಾನ ತಂದೀತೆಂದು ನಮಗೆ ತೋರುವುದಿಲ್ಲ.

1927ರ ಜನವರಿ 1ರಂದು ಬಿ.ಬಿ.ಸಿ. ರಾಜಶಾಸನದ ಮೂಲಕ ಸಾರ್ವಜನಿಕ ನಿಗಮವಾಯಿತು. ರೀತರು ಅದರ ಮೊದಲ ಮಹಾನಿರ್ದೇಶಕರು. ಖರ್ಚಿಗೆ ಜಾಹೀರಾತಿನ ಹಣವಲ್ಲ, ಕೇಳುಗರು ಕೊಡುವ ಲೈಸೆನ್ಸ್ ಶುಲ್ಕ. ಆದರೂ ವಿವಾದದ ವಿಷಯಗಳನ್ನು ಬಿತ್ತರಿಸಬಾರದೆಂಬ ನಿಷೇಧ 1928ರವರೆಗೂ ತೆಗೆಯಲ್ಪಡಲಿಲ್ಲ. 1935ರಲ್ಲಿ ಭಾರತದ ಬಾನುಲಿಯನ್ನು ರೂಪಿಸಲು ಬಂದ ಲಯನೆಲ್ ಫೀಲ್ಡನ್ನರು ರೀತರ ಸಂಸ್ಥೆಯವರೇ. ಇಲ್ಲಿ ಅದು ಸರ್ಕಾರದ ಇಲಾಖೆಯಾಗಿಯೇ ನಡೆದು, 1997ರಲ್ಲಿ ಪ್ರಸಾರ ಭಾರತಿಯೆಂಬ ನಿಗಮದ ಅಡಿಗೆ ಬಂದಿತು.

ರೀತರು 1938ರಲ್ಲಿ ಬಿ.ಬಿ.ಸಿ.ಯನ್ನು ಬಿಟ್ಟರು. ಮುಂದೆ ಮಂತ್ರಿಪದವಿಯೂ ಲಾರ್ಡ್ ಪದವಿಯೂ ದೊರೆತರೂ ಬಾನುಲಿಯನ್ನು ತೊರೆದ ಕೊರಗು ಅವರನ್ನು ಬಿಡಲಿಲ್ಲ. 1971ರ ಜೂನ್ 16ರಂದು ಎಡಿನ್‌ಬರೋದಲ್ಲಿ ತೀರಿಕೊಂಡರು.