ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ದಿವಂಗತ ಬಸಪ್ಪ ದಾನಪ್ಪ ಜತ್ತಿಯವರು

ಪಟ್ಟಣ ಪಂಚಾಯತಿಯ ಚುನಾವಣೆಯು ಸಮೀಪಿಸಿತೆಂದರೆ ಉಮೇದುವಾರರು ಎರಡು ದಾರಿಗಳನ್ನು ತುಳಿಯತೊಡಗುತ್ತಾರೆ. ಒಂದು ದಾರಿಯು ವಾರ್ಡಿನ ಮತದಾರನ ಮನೆಗೆ ಹೋಗುತ್ತದೆ. ಮತ್ತೊಂದು, ಟಿಕೀಟು ಹಂಚುವ ಪಕ್ಷದ ಮುಖಂಡರ ಬಾಗಿಲಿಗೆ. ಗ್ರಾಮ ಪಂಚಾಯತಿಯ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಪಟ್ಟಣದ ಚುನಾವಣೆಯಲ್ಲಿ ಚಿಹ್ನೆಯುಂಟು. ಆದುದರಿಂದ ಗ್ರಾಮವಾಗಿದ್ದು ಪಟ್ಟಣ ಪಂಚಾಯತಿಯ ಪದವಿಗೇರಿದ ಕೊಲ್ಹಾರದಂಥ ಊರುಗಳಲ್ಲಿ ಎರಡನೆಯ ದಾರಿಯೇ ದಿನೇ ದಿನೇ ಹೆಚ್ಚು ತುಳಿಯಲ್ಪಡುತ್ತಿದೆ. ಬಿ ಫಾರ್ಮ್ ದೊರೆತವನು ಗೆದ್ದೆನೆಂದು ಹಿಗ್ಗುವುದೂ, ದೊರೆಯದವನು ಮರುದಿನವೇ ಪಕ್ಷಕ್ಕೆ ತಿಲಾಂಜಲಿಯನ್ನಿತ್ತು ಬಂಡಾಯವೇಳುವುದೂ ವಾಡಿಕೆಯಾಗಿದೆ. ಇಂಥ ಸಂದರ್ಭದಲ್ಲಿ, ಪುರಸಭೆಯ ಸದಸ್ಯತ್ವದಿಂದ ಮೊದಲುಗೊಂಡು ರಾಷ್ಟ್ರಪತಿಯ ಆಸನದವರೆಗೆ ನಡೆದುಹೋದ ನಮ್ಮ ಸೀಮೆಯ ಮಹನೀಯರೊಬ್ಬರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕೊಲ್ಹಾರವನ್ನು ಸೋಕಿ ಹರಿಯುವ ಕೃಷ್ಣೆಯ ಮೇಲ್ಗಡೆಯಲ್ಲಿರುವುದು ಜಮಖಂಡಿ ಸೀಮೆ. ಅಲ್ಲಿಯ ಸಾವಳಗಿಯಲ್ಲಿ ೧೯೧೨ನೆಯ ಇಸವಿಯ ಸಪ್ಟೆಂಬರ ೧೦ರಂದು ಸಾಮಾನ್ಯ ಲಿಂಗಾಯತ ಕುಟುಂಬವೊಂದರಲ್ಲಿ ಬಸಪ್ಪನವರು ಜನಿಸಿದರು. ಆಗ ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾಯಿದೆಯ ಶಿಕ್ಷಣವನ್ನೂ ಮುಗಿಸಿಕೊಂಡು ಬಂದ ಜತ್ತಿಯವರು ಜಮಖಂಡಿಯಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

೧೯೪೦ರಲ್ಲಿ ಅವರು ಜಮಖಂಡಿಯ ಪುರಸಭೆಯ ಸದಸ್ಯರಾದರು. ಆ ಕಾಲದ ಪರಿಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಸಂಸ್ಥಾನಗಳೊಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಯಿಸಕೂಡದೆಂದು ೧೯೩೮ರ ಹರಿಪುರಾ ಅಧಿವೇಶನವು ನಿರ್ಣಯಿಸಿತ್ತು. ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯ ಉಮೇದುವಾರನ ಬೆನ್ನಿಗಿದ್ದ ಆ ಮಹಾಸಂಸ್ಥೆಯ ಬಲವು ಸಂಸ್ಥಾನದ ಉಮೇದುವಾರನಿಗೆ ಅಷ್ಟು ನೇರವಾಗಿ ಒದಗುವಂತಿರಲಿಲ್ಲ. ಊರಿನವರ ವಿಶ್ವಾಸವೇ ಅಲ್ಲಿ ಮುಖ್ಯ ಬಂಡವಾಳವಾಗಿತ್ತು. ಐದು ವರ್ಷಗಳ ತರುವಾಯ, ೧೯೪೫ರಲ್ಲಿ, ಜತ್ತಿಯವರು ಅದೇ ಪುರಸಭೆಯ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಯ ಸದಸ್ಯತ್ವ, ಮಂತ್ರಿಪದವಿ, ೧೯೪೮ರಲ್ಲಿ ದಿವಾಣಗಿರಿ ಒಂದರ ಹಿಂದೊಂದು ಪ್ರಾಪ್ತವಾದವು.

ಅದೇ ವರ್ಷದ ಮಾರ್ಚ ೮ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನವೇ ಇಲ್ಲವಾದ ಮೇಲೆ ದಿವಾಣರಿಗೆ ಕೆಲಸವೆಲ್ಲಿಯದು? ಜತ್ತಿಯವರು ಪುನಃ ಕೋರ್ಟಿನ ಮೆಟ್ಟಲನ್ನೇರಿ ಸುಮಾರು ಇಪ್ಪತ್ತು ತಿಂಗಳು ವಕೀಲಿಯನ್ನು ನಡೆಯಿಸಿದರು. ಆ ಬಳಿಕ ವಿಲೀನ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ಅವರ ನಾಮಕರಣವಾಯಿತು. ವಾರದೊಳಗಾಗಿ ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಗಳಾದರು. ೧೯೫೨ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿತ್ವವು ಬಂದಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ಮೈಸೂರು ಶಾಸನಸಭೆಗೆ ಬಂದ ಅವರು ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. ೧೯೬೧ರ ಭೂಸುಧಾರಣಾ ಕಾಯಿದೆಗೆ ಆ ಸಮಿತಿಯ ವರದಿಯೇ ತಳಹದಿ.

೧೯೫೮ರಲ್ಲಿ ನಿಜಲಿಂಗಪ್ಪನವರು ಅಧಿಕಾರವನ್ನು ಬಿಟ್ಟಾಗ, ಶಾಸಕ ಪಕ್ಷದ ನಾಯಕತ್ವಕ್ಕೆ ಟಿ. ಸುಬ್ರಹ್ಮಣ್ಯರ ಎದುರು ಸ್ಪರ್ಧಿಸಿ ಜತ್ತಿಯವರು ಗೆದ್ದರು. ಮೇ ೧೬ರಂದು ಮುಖ್ಯಮಂತ್ರಿಗಳಾದರು. ೧೯೬೨ರ ಚುನಾವಣೆಯಲ್ಲಿ ಜಮಖಂಡಿಯ ಜನರು ಅವರನ್ನು ಪುನಃ ಆರಿಸಿ ಕಳುಹಿಸಿದರು. ಆದರೆ ಪಕ್ಷದ ನಾಯಕತ್ವವು ಮೊದಲು ಆಗ ನಮ್ಮ ಜಿಲ್ಲೆಯವರೇ ಆಗಿದ್ದ ಎಸ್.ಆರ್. ಕಂಠಿಯವರಿಗೂ, ಕೆಲವೇ ತಿಂಗಳಲ್ಲಿ ನಿಜಲಿಂಗಪ್ಪನವರಿಗೂ ಸಂದಿತು. ನಾಲ್ಕು ವರ್ಷ ರಾಜ್ಯವನ್ನಾಳಿದವರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯುಂಟೇ? ಜತ್ತಿಯವರು ಪಕ್ಷವನ್ನು ತೊರೆಯಲಿಲ್ಲ. ತಾವು ಕುಳಿತಿದ್ದ ಪೀಠದಲ್ಲಿ ಮತ್ತೊಬ್ಬರು ಕುಳಿತಿರಲು, ಅವರ ಕೈಕೆಳಗೆ ೧೯೬೨ರ ಜುಲೈಯಲ್ಲಿ ಹಣಕಾಸಿನ ಮಂತ್ರಿಗಳಾಗಿ ದುಡಿದರು. ಟಿಕೀಟು ತಪ್ಪಿದ ರಾತ್ರಿಯೇ ಬಾವುಟವನ್ನು ಬದಲಾಯಿಸುವವರು ಈ ಒಂದು ಪ್ರಸಂಗವನ್ನು ಎರಡು ಸಲ ಓದಲಿ.

ತರುವಾಯ ೧೯೬೮ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರು, ೧೯೭೨ರಲ್ಲಿ ಒರಿಸ್ಸಾದ ರಾಜ್ಯಪಾಲರು, ೧೯೭೪ರಲ್ಲಿ ಉಪರಾಷ್ಟ್ರಪತಿಗಳು ಎಂದು ಅವರ ಪದವಿಗಳು ಏರುತ್ತಲೇ ಹೋದವು. ೧೯೭೭ರ ಫೆಬ್ರುವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾಗಲು, ಜುಲೈ ೨೫ರವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿ ಸಾವಳಗಿಯ ಬಸಪ್ಪನವರು ದೇಶದ ಪ್ರಥಮ ಸ್ಥಾನದಲ್ಲಿದ್ದರು.

ಪಕ್ಷನಿಷ್ಠೆಗೂ ಒಂದು ಮೇರೆಯುಂಟೆಂಬುದು ಕಂಡುಬಂದದ್ದು ಆಗಲೇ. ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಬೇಕೆಂದು ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲವು ಸಲಹೆಯಿತ್ತಾಗ ಜತ್ತಿಯವರು ಅನುಮಾನಿಸಿದರು. ಹಳೆಯ ಪಕ್ಷದ ಮೋಹವೇ ಅವರ ಕೈಯನ್ನು ತಡೆಯಿತೆಂಬ ಟೀಕೆಯು ದೇಶದಲ್ಲೆಲ್ಲ ಎದ್ದಿತು. ಕಡೆಗೆ ಏಪ್ರಿಲ್ ೩೦ರಂದು ಅವರು ರುಜು ಹಾಕಿದರು. ಆ ವಿಳಂಬವನ್ನು ನಾವು ಹೊಗಳಲಾರೆವು. ಆದರೆ ಕೊನೆಗೆ ಸಂವಿಧಾನದ ಮರ್ಯಾದೆಗೆ ಅವರು ತಲೆಬಾಗಿದುದನ್ನು ಮರೆಯಲೂ ಆರೆವು. ಪಕ್ಷದ ಪತ್ರದಿಂದ ಆಸನವನ್ನೇರಿದವನು, ಏರಿದ ಮೇಲೆ ಆಸನದ ಧರ್ಮಕ್ಕೆ ಸೇರಿದವನು. ಇದು ರಾಷ್ಟ್ರಪತಿಗೆ ಹೇಗೋ ವಾರ್ಡಿನ ಸದಸ್ಯನಿಗೂ ಹಾಗೆಯೇ.

೧೯೬೪ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ, ಅಧಿಕಾರವಿದ್ದಾಗಲೂ ಇಲ್ಲದಾಗಲೂ ಅದರ ಕಾರ್ಯವನ್ನು ಬೆಳೆಯಿಸಿದ ಜತ್ತಿಯವರು ೨೦೦೨ರ ಜೂನ ೭ರಂದು ಬೆಂಗಳೂರಿನಲ್ಲಿ ದಿವಂಗತರಾದರು.

ಆಲಮಟ್ಟಿಯ ಹಿನ್ನೀರಿಗೆ ತನ್ನ ಹಳೆಯ ನೆಲೆಯನ್ನು ತೆತ್ತು ಹೊಸ ನೆಲೆಯಲ್ಲಿ ನಿಂತಿರುವ ಊರು ಕೊಲ್ಹಾರ. ಇಂಥ ಊರಿನಲ್ಲಿ ನಲ್ಲಿಯ ನೀರು, ಗಟಾರು, ಬೀದಿದೀಪ, ಮನೆಜಾಗೆಯ ಉತಾರೆ ಇವುಗಳಿಗಿಂತ ದೊಡ್ಡ ರಾಜಕಾರಣವು ಯಾವುದಿದೆ? ಉಮೇದುವಾರರು ಪಕ್ಷದ ಟಿಕೀಟನ್ನು ಬೇಡುವುದು ತಪ್ಪಲ್ಲ. ಪಕ್ಷವಿಲ್ಲದೆ ಪ್ರಜಾಪ್ರಭುತ್ವವು ನಡೆಯದು. ಆದರೆ ಬೇಡುವ ಮುನ್ನ ತನ್ನ ವಾರ್ಡಿನ ಗಟಾರು ಎಲ್ಲಿ ಕಟ್ಟುತ್ತದೆಂಬುದನ್ನಾದರೂ ಅರಿತಿರಬೇಕು. ದೊರೆಯದಿದ್ದರೆ ಮುಂದಿನ ಐದು ವರ್ಷ ಆ ವಾರ್ಡಿನಲ್ಲಿಯೇ ದುಡಿಯುವ ಸಂಯಮವಿರಬೇಕು. ಹಂಚುವ ಮುಖಂಡರೂ ಹಣದ ಚೀಲವನ್ನೂ ಜಾತಿಯ ಲೆಕ್ಕವನ್ನೂ ಬದಿಗಿಟ್ಟು ದುಡಿದವನ ಹೆಸರನ್ನು ಮೊದಲು ಕೇಳಲಿ. ಚಿಕ್ಕದೊಂದು ಪುರಸಭೆಯಲ್ಲಿ ಐದು ವರ್ಷ ತಾಳ್ಮೆಯಿಂದ ಕಲಿತವನೇ ಮುಂದೆ ದೊಡ್ಡ ಭಾರವನ್ನು ಹೊತ್ತನೆಂಬುದನ್ನು ಟಿಕೀಟು ಬೇಡುವವರೂ ಕೊಡುವವರೂ ಮತವೀಯುವವರೂ ಮನಗಾಣಲೆಂದು ಹಾರೈಸುತ್ತೇವೆ.