ಬೀದಿಯನ್ನೇ ಪಾಠಶಾಲೆ ಮಾಡಿಕೊಂಡ ವೈದ್ಯ: ಜೇಮ್ಸ್ ಪಾರ್ಕಿನ್ಸನ್

ನಮ್ಮ ಹಳ್ಳಿಗಳಲ್ಲಿ ಹಿರಿಯರೊಬ್ಬರ ಕೈ ನಡುಗಲು ಶುರುವಾದರೆ ವಯಸ್ಸಾಯಿತು ಎಂದು ಹೇಳಿ ಸುಮ್ಮನಾಗುವುದು ರೂಢಿ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ತಾನಾಗಿ ಅದುರುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ. ನಡೆಯುವಾಗ ಹೆಜ್ಜೆ ಚಿಕ್ಕದಾಗಿ, ಕಾಲು ನೆಲಕ್ಕೆ ಉಜ್ಜುತ್ತದೆ. ಮನೆಯವರು ಇದನ್ನು ಮುಪ್ಪು ಎನ್ನುತ್ತಾರೆ, ಕೆಲವೊಮ್ಮೆ ಸೋಮಾರಿತನ ಎಂದೂ ಬೇಸರ ಪಡುತ್ತಾರೆ. ಪಟ್ಟಣದ ವೈದ್ಯರಿಗೆ ತೋರಿಸಿದಾಗ ಅವರು ಪಾರ್ಕಿನ್ಸನ್ ಎಂಬ ಹೆಸರು ಹೇಳುತ್ತಾರೆ. ಅದು ಯಾವುದೋ ರೋಗದ ಇಂಗ್ಲಿಷ್ ಹೆಸರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನಿಜದಲ್ಲಿ ಅದು ಒಬ್ಬ ಮನುಷ್ಯನ ಹೆಸರು. ಬದುಕಿನ ಬಹುಭಾಗವನ್ನು ಒಂದೇ ಬಡಾವಣೆಯಲ್ಲಿ ಕಳೆದು, ಬಡವರಿಗೆ ಔಷಧ ಕೊಡುತ್ತಾ ಬಾಳಿದ ಒಬ್ಬ ಸಾಮಾನ್ಯ ವೈದ್ಯರ ಹೆಸರು.

ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ ನಗರದ ಅಂಚಿನಲ್ಲಿದ್ದ ಹಾಕ್ಸ್‌ಟನ್ ಎಂಬಲ್ಲಿ. ತಂದೆ ಜಾನ್ ಪಾರ್ಕಿನ್ಸನ್ ಔಷಧ ತಯಾರಿಸಿ ಕೊಡುವ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುವ ವೈದ್ಯರು. ಆ ಕಾಲದಲ್ಲಿ ವೈದ್ಯರಾಗಲು ಇಂದಿನಂತೆ ಕಾಲೇಜು, ಪದವಿ ಎಲ್ಲರಿಗೂ ಇರಲಿಲ್ಲ. ನಮ್ಮಲ್ಲಿ ಬಡಗಿಯ ಮಗ ಅಪ್ಪನ ಪಕ್ಕದಲ್ಲಿ ಕುಳಿತು ಉಳಿ ಹಿಡಿಯಲು ಕಲಿತಂತೆ ಜೇಮ್ಸ್ ತಂದೆಯ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಸುಬು ಕಲಿತರು. 1776ರಲ್ಲಿ ಆರು ತಿಂಗಳು ಲಂಡನ್ ಆಸ್ಪತ್ರೆಯಲ್ಲಿ ತರಬೇತಿ ಪಡೆದರು. ಮರುವರ್ಷ ತಂದೆ ಮಗ ಸೇರಿ ನೇಣು ಹಾಕಿಕೊಂಡಿದ್ದ ಒಬ್ಬನ ಪ್ರಾಣ ಉಳಿಸಿದರು. ಆ ಕೆಲಸಕ್ಕಾಗಿ ಜೇಮ್ಸ್ ಅವರಿಗೆ ಜೀವರಕ್ಷಣೆಯ ಉದ್ದೇಶದಿಂದ ಸ್ಥಾಪನೆಯಾಗಿದ್ದ ಹ್ಯೂಮೇನ್ ಸೊಸೈಟಿಯಿಂದ ಬೆಳ್ಳಿ ಪದಕ ಬಂತು. 1784ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜೇಮ್ಸ್ ಅವರಿಗೆ ಶಸ್ತ್ರವೈದ್ಯರೆಂಬ ಮನ್ನಣೆ ದೊರೆಯಿತು. ಹಾಕ್ಸ್‌ಟನ್ ಚೌಕದ ಮನೆಯೂ ರೋಗಿಗಳೂ ಅವರ ಪಾಲಿಗೆ ಬಂದರು.

ಕೆಲಸ ಸಿಕ್ಕಿತೆಂದು ಅವರು ಓದು ನಿಲ್ಲಿಸಲಿಲ್ಲ. ಮೂವತ್ತು ವಯಸ್ಸಿನಲ್ಲಿ, ಸಂಸಾರ ಹೂಡಿದ ಮೇಲೆ, ಆ ಕಾಲದ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಅವರ ಉಪನ್ಯಾಸಗಳಿಗೆ ಹೋಗಿ ಕುಳಿತರು. ಶೀಘ್ರಲಿಪಿ ಬಲ್ಲವರಾದ್ದರಿಂದ ಗುರುಗಳು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆ ಟಿಪ್ಪಣಿಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಅರ್ಧ ಶತಮಾನ ಸಮೀಪಿಸಿದಾಗ, 1833ರಲ್ಲಿ, ಅವರ ಮಗ ಅವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು.

ಪಾರ್ಕಿನ್ಸನ್ ಅವರ ಕಾಲದ ಇಂಗ್ಲೆಂಡಿನಲ್ಲಿ ಮತದಾನದ ಹಕ್ಕು ಕೆಲವೇ ಆಸ್ತಿವಂತರದ್ದಾಗಿತ್ತು. ಬಡವರ ಮನೆಗಳಿಗೆ ದಿನವೂ ಹೋಗಿ ಬರುತ್ತಿದ್ದ ಈ ವೈದ್ಯರಿಗೆ ಹಸಿವು ಮತ್ತು ರೋಗದ ನಂಟು ಚೆನ್ನಾಗಿ ಗೊತ್ತಿತ್ತು. ಅವರು ಜನಸಾಮಾನ್ಯರಿಗೆ ಮತದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಸಂಘವೊಂದರ ಸದಸ್ಯರಾದರು. ಓಲ್ಡ್ ಹ್ಯೂಬರ್ಟ್ ಎಂಬ ಗುಪ್ತನಾಮದಲ್ಲಿ ಕಿರುಹೊತ್ತಿಗೆಗಳನ್ನು ಬರೆದರು. 1794ರಲ್ಲಿ ದೊರೆ ಮೂರನೆಯ ಜಾರ್ಜ್‌ನನ್ನು ನಾಟಕಶಾಲೆಯಲ್ಲಿ ವಿಷದ ಬಾಣ ಊದಿ ಕೊಲ್ಲಲು ಸಂಚು ನಡೆದಿದೆ ಎಂಬ ಆರೋಪದಲ್ಲಿ ಅವರ ಸಂಘದ ಗೆಳೆಯರು ಸೆರೆಯಾದರು. ಪಾರ್ಕಿನ್ಸನ್ ಅವರನ್ನೂ ಪ್ರಧಾನಿ ಪಿಟ್ ಮತ್ತಿತರರು ಕುಳಿತಿದ್ದ ಪ್ರಿವಿ ಕೌನ್ಸಿಲಿನ ಮುಂದೆ ಪ್ರಶ್ನಿಸಲಾಯಿತು. ಒಂದು ಮಾತು ತಪ್ಪಿದರೆ ತಾವೇ ಸೆರೆಮನೆ ಸೇರಬಹುದಾಗಿದ್ದ ಸಮಯ ಅದು. ಮನೆಯಲ್ಲಿ ಹೆಂಡತಿ, ಮಕ್ಕಳು. ಅವರ ದುಡಿಮೆಯೇ ಆಧಾರ. ಆದರೂ ತಮ್ಮ ಬರಹ ತಮ್ಮದೇ ಎಂದು ಒಪ್ಪಿಕೊಂಡರು, ಗೆಳೆಯರ ಕೈ ಬಿಡಲಿಲ್ಲ. ಆ ಸಂಚಿನ ಆರೋಪ ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಆ ಬಳಿಕ ಅವರ ಲೇಖನಿ ಬೇರೆ ದಾರಿ ಹಿಡಿಯಿತು. 1800ರಲ್ಲಿ ಹಳ್ಳಿಗರಿಗೆಂದೇ ಒಂದು ಆರೋಗ್ಯದ ಪುಸ್ತಕ ಬರೆದರು. ಯಾವ ಕಾಯಿಲೆಗೆ ಮನೆಯಲ್ಲೇ ಆರೈಕೆ ಸಾಕು, ಯಾವುದಕ್ಕೆ ತಡಮಾಡದೆ ವೈದ್ಯರ ಬಳಿ ಹೋಗಬೇಕು, ಕುಡಿತ ಸಂಸಾರವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ತಿಳಿಯಾಗಿ ಹೇಳಿದರು. ಮಕ್ಕಳಿಗಾಗಿ ಅಪಾಯದ ಆಟಗಳ ಬಗ್ಗೆ ಎಚ್ಚರಿಸುವ ಒಂದು ಕಥೆಯನ್ನೂ ಬರೆದರು. ಬಡವರ ಆಶ್ರಯಮನೆಯಲ್ಲಿ ಜ್ವರದ ರೋಗಿಗಳನ್ನು ಉಳಿದವರ ನಡುವೆ ಮಲಗಿಸಬಾರದು, ಅವರಿಗೆ ಪ್ರತ್ಯೇಕ ಕೊಠಡಿ ಬೇಕು ಎಂದು ಒತ್ತಾಯಿಸಿದರು. 1812ರಲ್ಲಿ ಮಗನೊಡನೆ ಸೇರಿ, ಕರುಳಿನ ತುದಿಯ ಅಪೆಂಡಿಕ್ಸ್ ಒಡೆದು ಸತ್ತ ಬಾಲಕನೊಬ್ಬನ ಪ್ರಕರಣವನ್ನು ವರದಿ ಮಾಡಿದರು. ಸಾವಿಗೆ ಕಾರಣ ಆ ಸಣ್ಣ ಅಂಗದ ತೂತು ಎಂದು ಗುರುತಿಸಿದ ಮೊದಲ ಇಂಗ್ಲಿಷ್ ವರದಿಗಳಲ್ಲಿ ಅದೂ ಒಂದು.

ಬಿಡುವು ಸಿಕ್ಕಾಗ ಅವರ ಮನಸ್ಸು ಕಲ್ಲುಗಳತ್ತ ಓಡುತ್ತಿತ್ತು. ಕಲ್ಲಾಗಿ ಉಳಿದ ಹಳೆಯ ಕಾಲದ ಚಿಪ್ಪು, ಎಲುಬು, ಗಿಡಗಳನ್ನು ಸಂಗ್ರಹಿಸಿ, 1804ರಿಂದ 1811ರ ನಡುವೆ ಪಳೆಯುಳಿಕೆಗಳ ಬಗ್ಗೆ ಮೂರು ಸಂಪುಟಗಳ ಗ್ರಂಥ ಹೊರತಂದರು. 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ಹುಟ್ಟಿದಾಗ ಸ್ಥಾಪಕರಲ್ಲಿ ಅವರೂ ಒಬ್ಬರು. ಸುರುಳಿ ಚಿಪ್ಪಿನ ಒಂದು ಪಳೆಯುಳಿಕೆಗೆ ಇಂದಿಗೂ ಅವರ ಹೆಸರಿದೆ. ಬದುಕಿದ್ದಾಗ ಅವರಿಗೆ ಕೀರ್ತಿ ತಂದದ್ದು ಈ ಕೆಲಸವೇ. 1822ರಲ್ಲಿ ಶಸ್ತ್ರವೈದ್ಯರ ರಾಯಲ್ ಕಾಲೇಜು ಚಿನ್ನದ ಪದಕ ಕೊಟ್ಟು ಗೌರವಿಸಿತು.

ಆದರೆ ಜಗತ್ತು ಅವರನ್ನು ನೆನೆಯುವುದು 1817ರಲ್ಲಿ ಬಂದ ಒಂದು ತೆಳು ಪುಸ್ತಕದಿಂದ. 66 ಪುಟಗಳು, ವಿಷಯ ನಡುಗುವ ಲಕ್ವ. ಆಗ ಅವರಿಗೆ 62 ವರ್ಷ. ಪುಸ್ತಕದ ಆಧಾರ ಕೇವಲ ಆರು ಜನ. ಮೊದಲನೆಯವರು ಐವತ್ತು ದಾಟಿದ ಒಬ್ಬ ತೋಟಗಾರ. ಎಡಗೈಯಿಂದ ನಡುಕ ಶುರುವಾಗಿತ್ತು. ಇಬ್ಬರು ಬೀದಿಯಲ್ಲಿ ಎದುರಾದವರು. ಅವರಲ್ಲಿ ಒಬ್ಬರು ಹಿಂದೆ ನಾವಿಕರಾಗಿದ್ದವರು. ಸ್ಪೇನಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ತೇವದ ನೆಲದ ಮೇಲೆ ಮಲಗಿದ್ದರಿಂದಲೇ ಹೀಗಾಯಿತೆಂದು ಅವರ ನಂಬಿಕೆ. ಇನ್ನೊಬ್ಬರನ್ನು ಪಾರ್ಕಿನ್ಸನ್ ದೂರದಿಂದ ಮಾತ್ರ ಕಂಡಿದ್ದರು. ಆ ವ್ಯಕ್ತಿಗೆ ನಿಧಾನವಾಗಿ ನಡೆಯಲು ಆಗುತ್ತಿರಲಿಲ್ಲ, ಹೊರಟರೆ ಓಟವೇ. ಅವರ ಸೇವಕ ಎದುರು ನಿಂತು ಎರಡೂ ಭುಜ ಹಿಡಿದು, ಮೈ ಸಮತೋಲಕ್ಕೆ ಬಂದ ಕೂಡಲೇ ಪಕ್ಕಕ್ಕೆ ಸರಿದು, ಬೀಳದಂತೆ ಹಿಡಿಯಲು ಮುಂದೆ ಓಡುತ್ತಿದ್ದ. ರಸ್ತೆಯಲ್ಲಿ ಹೋಗುವ ನೂರಾರು ಜನ ಇದನ್ನು ನೋಡಿರಬೇಕು. ಪಾರ್ಕಿನ್ಸನ್ ನೋಡಿದ್ದನ್ನು ಬರೆದಿಟ್ಟರು.

ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಕೈ ನಡುಗುವವರು, ಮೈ ಬಾಗಿದವರು, ಓಡುನಡಿಗೆಯವರು ಅವರಿಗಿಂತ ಮೊದಲೂ ಇದ್ದರು. ಇವೆಲ್ಲ ಬೇರೆ ಬೇರೆ ತೊಂದರೆಗಳಲ್ಲ, ಒಂದೇ ಕಾಯಿಲೆಯ ಬೇರೆ ಬೇರೆ ಹಂತಗಳು ಎಂದು ಜೋಡಿಸಿ ತೋರಿಸಿದವರು ಅವರು. ಕೈ ಕೆಲಸ ಮಾಡುವಾಗಲ್ಲ, ವಿಶ್ರಾಂತಿಯಲ್ಲಿದ್ದಾಗ ನಡುಗುತ್ತದೆ. ಒಂದು ಕಡೆ ಶುರುವಾಗಿ ಮೆಲ್ಲಗೆ ಇನ್ನೊಂದು ಕಡೆಗೆ ಹಬ್ಬುತ್ತದೆ. ಬರೆಯುವುದು, ಉಣ್ಣುವುದು ಕಷ್ಟವಾಗುತ್ತದೆ. ಮಲಬದ್ಧತೆ, ನಿದ್ರಾಭಂಗ, ಜೊಲ್ಲು ಸುರಿಯುವುದು ಜೊತೆಗೂಡುತ್ತವೆ. ಇಂದಿನ ವೈದ್ಯರೂ ಇವನ್ನೇ ಕೇಳುತ್ತಾರೆ.

ಎಲ್ಲವೂ ಅವರಿಗೆ ಸರಿಯಾಗಿ ತಿಳಿದಿತ್ತೆಂದಲ್ಲ. ದೋಷ ಕತ್ತಿನ ಭಾಗದ ಬೆನ್ನುಹುರಿಯಲ್ಲಿದೆ ಎಂದು ಊಹಿಸಿದರು. ಕತ್ತಿನ ಹಿಂಭಾಗದಿಂದ ರಕ್ತ ತೆಗೆಸುವ, ಬೊಬ್ಬೆ ಬರಿಸುವ ಚಿಕಿತ್ಸೆ ಸೂಚಿಸಿದರು. ರೋಗಿಯ ಬುದ್ಧಿಗೆ ಏನೂ ಆಗುವುದಿಲ್ಲ ಎಂದರು. ಹಲವರಲ್ಲಿ ನೆನಪು, ಯೋಚನೆಗೂ ತೊಂದರೆಯಾಗುತ್ತದೆ ಎಂದು ಈಗ ಗೊತ್ತಾಗಿದೆ. ಆದರೆ ತಮ್ಮದು ಊಹೆ, ಶವಪರೀಕ್ಷೆಯ ಆಧಾರ ತಮಗಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ತಿಳಿದವರು ಮುಂದೆ ಬಂದು ಹುಡುಕಲಿ ಎಂದು ಕೇಳಿಕೊಂಡರು.

ಹುಡುಕಾಟಕ್ಕೆ ಕಾಲ ಹಿಡಿಯಿತು. 1824ರ ಡಿಸೆಂಬರ್ 21ರಂದು ಪಾರ್ಕಿನ್ಸನ್ ತೀರಿಕೊಂಡರು. ಆಗ ಆ ರೋಗಕ್ಕೆ ಅವರ ಹೆಸರು ಇರಲಿಲ್ಲ. ದಶಕಗಳ ನಂತರ ಪ್ಯಾರಿಸ್ಸಿನ ಶಾರ್ಕೋ ಎಂಬ ನರವೈದ್ಯರು, ಇದು ಲಕ್ವವೂ ಅಲ್ಲ, ಎಲ್ಲರಲ್ಲೂ ನಡುಕ ಇರುವುದೂ ಇಲ್ಲ ಎಂದು ತೋರಿಸಿ, ಪಾರ್ಕಿನ್ಸನ್ ಹೆಸರನ್ನೇ ಇಟ್ಟರು. ಪಾರ್ಕಿನ್ಸನ್ ಗಮನಿಸದಿದ್ದ ಸ್ನಾಯುಗಳ ಬಿಗಿತವನ್ನೂ ಅವರು ಸೇರಿಸಿದರು. 1919ರಲ್ಲಿ ಮಿದುಳಿನ ನಡುವಿನ ಒಂದು ಸಣ್ಣ ಕಪ್ಪು ಭಾಗದಲ್ಲಿ ಜೀವಕೋಶಗಳು ನಶಿಸುವುದು ಗುರುತಾಯಿತು. 1960ರಲ್ಲಿ ವಿಯೆನ್ನಾದ ಸಂಶೋಧಕರು ಈ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತೀರಾ ಕಡಿಮೆಯಾಗಿರುವುದನ್ನು ತೋರಿಸಿದರು. ಆ ಕೊರತೆಯನ್ನು ತುಂಬುವ ಲೆವೊಡೋಪ ಔಷಧ 1960ರ ದಶಕದ ಕೊನೆಗೆ ಬಳಕೆಗೆ ಬಂತು. ರೋಗವನ್ನು ಬೇರುಸಹಿತ ಕೀಳುವ ಮದ್ದು ಇಂದಿಗೂ ಇಲ್ಲ. ಆದರೆ ಈ ಮಾತ್ರೆಯಿಂದ ಎದ್ದು ನಡೆದವರು, ತಮ್ಮ ಕೈಯಾರೆ ಉಂಡವರು ಲಕ್ಷಾಂತರ ಮಂದಿ.

ಈ ಕಥೆಗೆ ನಮ್ಮ ಬೇಲಿಯ ನಂಟೂ ಇದೆ. ಮೈಗೆ ತಾಗಿದರೆ ತುರಿಕೆ ಹತ್ತುವ ನಸುಗುನ್ನಿ ಕಾಯಿ ಶಾಲೆಯ ಹುಡುಗರಿಗೆ ಚೆನ್ನಾಗಿ ಗೊತ್ತು. ನಮ್ಮ ಆಯುರ್ವೇದ ಬಹಳ ಹಿಂದಿನಿಂದ ಈ ನಡುಕವನ್ನು ಕಂಪವಾತ ಎಂದು ಕರೆದು, ನಸುಗುನ್ನಿಯನ್ನು ಔಷಧವಾಗಿ ಬಳಸಿದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದರ ಬೀಜದಲ್ಲಿ ಇದೇ ಲೆವೊಡೋಪ ಇರುವುದನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ ತೋರಿಸಿದರು. ಹಾಗೆಂದು ಬೇಲಿಯ ಬೀಜವನ್ನು ತಾವೇ ತಿನ್ನಬಾರದು. ಪ್ರಮಾಣ ತಪ್ಪಿದರೆ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳಿಗೆ ನುರಿತ ವೈದ್ಯರಿದ್ದಾರೆ.

ಪಾರ್ಕಿನ್ಸನ್ ಅವರ ಒಂದು ಚಿತ್ರವೂ ಉಳಿದಿಲ್ಲ. ಅವರದೆಂದು ಅಲ್ಲಲ್ಲಿ ಕಾಣುವ ಫೋಟೋಗಳು ಅದೇ ಹೆಸರಿನ ಬೇರೆಯವರದ್ದು. ಅವರ ಕಾಲದಲ್ಲಿ ಫೋಟೋ ತೆಗೆಸುವ ಪದ್ಧತಿಯೇ ಇರಲಿಲ್ಲ. ಇತರರ ನಡಿಗೆ, ಕೈಬರಹ, ಭುಜದ ಬಾಗು ಎಲ್ಲವನ್ನೂ ಕಣ್ಣಿಟ್ಟು ನೋಡಿದ ಆ ಮುಖ ಹೇಗಿತ್ತೆಂದು ನಾವು ಕಾಣಲಾರೆವು. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ದೊಡ್ಡ ಆಸ್ಪತ್ರೆ, ದುಬಾರಿ ಯಂತ್ರ ಯಾವುದೂ ಅವರ ಬಳಿ ಇರಲಿಲ್ಲ. ಇದ್ದದ್ದು ಎರಡು ಕಣ್ಣು, ಬರೆದಿಡುವ ಅಭ್ಯಾಸ, ರೋಗಿಯ ಮಾತು ಕೇಳುವ ತಾಳ್ಮೆ. ಇವು ಯಾವ ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳಿಗೂ ದಕ್ಕುವಂಥವು. ಮನೆಯ ಅಜ್ಜನ ಒಂದು ತೋಳು ನಡೆಯುವಾಗ ಬೀಸದಿದ್ದರೆ, ಅಜ್ಜಿಯ ಸಹಿ ದಿನೇ ದಿನೇ ಚಿಕ್ಕದಾಗುತ್ತಿದ್ದರೆ, ಮಾತಿನ ದನಿ ಇಳಿದು ಮುಖದಲ್ಲಿ ನಗು ಅರಳದಿದ್ದರೆ, ಅದನ್ನು ಮೊದಲು ಕಾಣುವವರು ಮನೆಯವರೇ. ಕಂಡದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಬಿಡದೆ ವೈದ್ಯರಿಗೆ ಹೇಳಿದರೆ, ಆ ಹಿರಿಯರಿಗೆ ಇನ್ನಷ್ಟು ವರ್ಷ ತಮ್ಮ ಕಾಲ ಮೇಲೆ ತಾವೇ ನಡೆದಾಡುವ ಬದುಕು ಸಿಕ್ಕೀತು.