ಕಜಾನಿನ ಅಯಸ್ಕಾಂತ

ಕಂಡದ್ದನ್ನು ಕಂಡೆನೆಂದು ಹೇಳುವುದಕ್ಕೆ ಧೈರ್ಯ ಬೇಕು. ಒಮ್ಮೆ ಕಂಡದ್ದು ಮರಳಿ ಕಾಣದಿದ್ದಾಗ ಸುಮ್ಮನಿರುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಧೈರ್ಯ ಬೇಕು. ಈ ಎರಡನೆಯ ಬಗೆಯ ಧೈರ್ಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ವೋಲ್ಗಾ ನದಿಯ ದಡದ ಕಜಾನ್ ನಗರದತ್ತ ಹರಿಯುತ್ತದೆ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಯೆವ್ಗೆನಿ ಜವೋಯ್‌ಸ್ಕಿಯವರ ಬಾಳನ್ನು ಓದಿದಷ್ಟೂ ನನಗೆ ಅವರಲ್ಲಿ ಗೌರವವು ಬೆಳೆದಿದೆ.

ಇಂದಿನ ಉಕ್ರೇನಿಗೆ ಸೇರಿದ ಮೊಗಿಲೆವ್-ಪೊಡೋಲ್‌ಸ್ಕಿ ಎಂಬ ಊರಿನಲ್ಲಿ 1907ರಲ್ಲಿ ಅವರು ಜನಿಸಿದರು. ತಂದೆ ಸೈನ್ಯದ ವೈದ್ಯರು. ಮಗು ಇನ್ನೂ ಎಳೆಯದಿರುವಾಗಲೇ ಸಂಸಾರವು ಕಜಾನಿಗೆ ಬಂದು ನೆಲೆಸಿತು. ಹುಡುಗನಿಗೆ ರೇಡಿಯೋವಿನ ಹುಚ್ಚು ಹತ್ತಿತು. 1926ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ ಆ ಹುಚ್ಚೇ ಒಂದು ಪ್ರಶ್ನೆಯ ರೂಪವನ್ನು ತಾಳಿತು: ದೂರದ ಮಾತನ್ನು ತಂದು ಕೊಡುವ ಈ ಅಲೆಗಳು ಜಡವಸ್ತುವಿನ ಒಳಗುಟ್ಟನ್ನೂ ತಂದು ಕೊಡಲಾರವೆ?

ಈ ಪ್ರಶ್ನೆಗೆ ಆಧಾರವಿಲ್ಲದೆ ಇರಲಿಲ್ಲ. ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತ; ಹಲವು ಪರಮಾಣುಗಳ ಬೀಜವೂ ಹಾಗೆಯೇ. ಕಾಂತಕ್ಷೇತ್ರದಲ್ಲಿ ಇರಿಸಿದಾಗ ಇಂಥ ಒಂದೊಂದಕ್ಕೂ ತನ್ನದೇ ಆದ ಒಂದು ಕಂಪನಾಂಕವಿರುತ್ತದೆ. ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದರೆ ಮಾತ್ರ ಅದು ಮೇಲೇರುವಂತೆ, ಆ ಕಂಪನಾಂಕಕ್ಕೆ ಹೊಂದಿದ ಅಲೆ ತಾಕಿದರೆ ಮಾತ್ರ ಅವು ಶಕ್ತಿಯನ್ನು ಹೀರುತ್ತವೆ. ಇದಕ್ಕೆ ಅನುರಣನವೆಂದು ಹೆಸರು. ಕ್ಷೇತ್ರವು ಬಲವಾದಷ್ಟೂ ಕಂಪನಾಂಕವು ಏರುತ್ತದೆ.

1941ರಲ್ಲಿ ಜವೋಯ್‌ಸ್ಕಿಯವರು ಆಲ್ಟ್‌ಶುಲರ್ ಮತ್ತು ಕೋಜಿರೆವ್ ಎಂಬ ಗೆಳೆಯರೊಡನೆ ಪರಮಾಣು ಬೀಜದ ಅನುರಣನವನ್ನು ಅರಸಿದರು. ಅದರ ಕುರುಹು ಆಗೊಮ್ಮೆ ಈಗೊಮ್ಮೆ ಕಂಡಿತು, ಬೇಕೆಂದಾಗ ಕಾಣಲಿಲ್ಲ. ದೋಷವಿದ್ದದ್ದು ಅಯಸ್ಕಾಂತದಲ್ಲಿ. ಅದರ ಕ್ಷೇತ್ರವು ಎಲ್ಲೆಡೆಯೂ ಸಮನಾಗಿರಲಿಲ್ಲವಾಗಿ, ವಸ್ತುವಿನ ಒಂದೊಂದು ಭಾಗವೂ ಒಂದೊಂದು ಲಯದಲ್ಲಿ ಕಂಪಿಸಿ ಕುರುಹು ಚದುರಿ ಹೋಗುತ್ತಿತ್ತು. ಮೂವರೂ ಅದನ್ನು ಲೋಕಕ್ಕೆ ಸಾರಲಿಲ್ಲ. ಜೂನ್ ತಿಂಗಳಲ್ಲಿ ಯುದ್ಧವು ಬಂದೆರಗಿತು, ಪ್ರಯೋಗವು ನಿಂತಿತು. ಮುಂದೆ ಅಮೆರಿಕದ ಪರ್ಸೆಲ್ ಮತ್ತು ಬ್ಲಾಖ್ ಅದೇ ಅನುರಣನವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದರು. 1952ರ ನೊಬೆಲ್ ಬಹುಮಾನವು ಅವರಿಗೆ ಸಂದಿತು.

ಕೈತಪ್ಪಿದ ಹಣ್ಣಿಗಾಗಿ ಜವೋಯ್‌ಸ್ಕಿಯವರು ಅಳುತ್ತ ಕೂರಲಿಲ್ಲ. ಯುದ್ಧವು ಇನ್ನೂ ನಡೆಯುತ್ತಿರುವಾಗಲೇ ಅವರು ಎಲೆಕ್ಟ್ರಾನಿನ ಕಡೆಗೆ ತಿರುಗಿದರು. ಹೈಡ್ರೋಜನ್ ಬೀಜಕ್ಕಿಂತ ಎಲೆಕ್ಟ್ರಾನು ಸುಮಾರು 650 ಪಟ್ಟು ಬಲವುಳ್ಳ ಅಯಸ್ಕಾಂತ. ಅವರು ಆರಿಸಿಕೊಂಡ ಲವಣಗಳಲ್ಲಿ ಅದರ ಕುರುಹು ಅಗಲವಾದುದರಿಂದ ಕ್ಷೇತ್ರದ ಏರುಪೇರು ಅಷ್ಟಾಗಿ ಬಾಧಿಸದು. ವಸ್ತುವನ್ನು ಅವರು ಅಲೆಯನ್ನು ಹುಟ್ಟಿಸುವ ಸುರುಳಿಯೊಳಗೇ ಇಟ್ಟರು. ವಸ್ತುವು ಶಕ್ತಿಯನ್ನು ಹೀರಿದೊಡನೆ ರೇಡಿಯೋ ವಾಲ್ವಿನ ವಿದ್ಯುತ್ಪ್ರವಾಹದಲ್ಲಿ ಆಗುವ ಸೂಕ್ಷ್ಮವಾದ ಬದಲಾವಣೆಯನ್ನು ಅಳೆದರು. 1944ರಲ್ಲಿ ಎಲೆಕ್ಟ್ರಾನಿನ ಅನುರಣನವು ಕಂಡಿತು. ಈ ಸಲ ಅದು ಮತ್ತೆ ಮತ್ತೆ ಕಂಡಿತು! ತಾಮ್ರದ ಕ್ಲೋರೈಡಿನಲ್ಲಿ, ಸೆಕೆಂಡಿಗೆ 13.3 ಕೋಟಿ ಕಂಪನಗಳ ಅಲೆಗೆ, 47.6 ಗೌಸ್ ಕ್ಷೇತ್ರವೇ ಸಾಕಾಯಿತು. ಇದು ಭೂಮಿಯ ಕಾಂತಕ್ಷೇತ್ರದ ಸುಮಾರು ನೂರು ಪಟ್ಟು ಮಾತ್ರ.

ಮಾಸ್ಕೋದ ಕೆಲವು ವಿದ್ವಾಂಸರು ಇದನ್ನು ನಂಬಲಿಲ್ಲ. ಅವರೊಡನೆ ವಾದಕ್ಕಿಳಿಯದೆ ಜವೋಯ್‌ಸ್ಕಿಯವರು ಕಪಿತ್ಸಾ ಅವರ ಸಂಸ್ಥೆಯಲ್ಲಿ ಉಪಕರಣವನ್ನು ಹೊಸದಾಗಿ ಜೋಡಿಸಿ ತೋರಿಸಿದರು. 1945ರ ಜನವರಿಯಲ್ಲಿ ಅವರ ಡಾಕ್ಟರೇಟ್ ಪ್ರಬಂಧವು ಅಂಗೀಕೃತವಾಯಿತು.

1947ರಲ್ಲಿ ಅವರು ಮಾಸ್ಕೋಗೆ ತೆರಳಿ ಕುರ್ಚಾತೋವರ ಪ್ರಯೋಗಶಾಲೆಯನ್ನು ಸೇರಿದರು. ಕೆಲವು ವರ್ಷಗಳು ಪರಮಾಣು ಅಸ್ತ್ರದ ಗುಪ್ತಕಾರ್ಯದಲ್ಲಿ ಕಳೆದುವು; ಆಮೇಲೆ ಪ್ಲಾಸ್ಮಾವನ್ನು ಕಾಯಿಸುವ ಬಗೆಯನ್ನು ಅರಸಿದರು. 1957ರಲ್ಲಿ ಲೆನಿನ್ ಬಹುಮಾನವೂ 1964ರಲ್ಲಿ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವವೂ ದೊರೆತುವು. ನೊಬೆಲ್ ಬಹುಮಾನವು ಬರಲಿಲ್ಲ. 1976ರಲ್ಲಿ ಅವರು ತೀರಿಕೊಂಡರು.

ಅವರು ಹಿಡಿದ ಕೆಲಸವು ಅವರೊಡನೆ ನಿಲ್ಲಲಿಲ್ಲ. ಕೆಳಗಿನ ಕ್ಷೇತ್ರದಲ್ಲಿ ಒಂದರ ಮೇಲೊಂದು ಬಿದ್ದು ಗೊಂದಲವಾಗುವ ಕುರುಹುಗಳು ಬಲವಾದ ಕ್ಷೇತ್ರದಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇದಕ್ಕಾಗಿ 1970ರ ದಶಕದಲ್ಲಿ ಮಾಸ್ಕೋದ ಲೆಬೆದೆವ್ ಅವರೂ ಅವರ ಸಂಗಡಿಗರೂ ಅತಿವಾಹಕ ಅಯಸ್ಕಾಂತಗಳನ್ನು ಬಳಸಿದರು. ಅಲೆಯನ್ನು ಎಡೆಬಿಡದೆ ಹರಿಸುವ ಬದಲು ಕ್ಷಣಿಕವಾದ ಸ್ಪಂದಗಳಾಗಿ ಕಳುಹಿಸುವ ವಿಧಾನವೂ ಬಂದಿತು. ಗಂಟೆಯನ್ನು ಬಡಿದು ಉಳಿದ ನಾದವನ್ನು ಆಲಿಸಿದಂತೆ ಅದು. ಆದರೆ ಬಡಿತದ ಅಬ್ಬರಕ್ಕೆ ಉಪಕರಣದ ಕಿವಿಯೇ ಕ್ಷಣಕಾಲ ಮಂಕಾಗಿ, ಮೆಲುದನಿಯು ಕಳೆದುಹೋಗುತ್ತದೆ. ಹಾಲೆಂಡಿನ ಲೈಡನ್ನಿನಲ್ಲಿ 1989ರ ಹೊತ್ತಿಗೆ ಸೆಕೆಂಡಿಗೆ 9,500 ಕೋಟಿ ಕಂಪನಗಳ ಅಲೆಯಲ್ಲಿ ಸ್ಪಂದಗಳ ಪ್ರಯೋಗವು ನಡೆದಿತ್ತು. 2009ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನವರು 9,400 ಕೋಟಿ ಕಂಪನಗಳಲ್ಲಿ, ಒಂದು ಕಿಲೋವ್ಯಾಟ್ ಬಲದ ಸ್ಪಂದಗಳನ್ನು ಬಳಸಿಯೂ, ಆ ಕಿವುಡಿನ ಅವಧಿಯನ್ನು ಕುಗ್ಗಿಸಿದ ಉಪಕರಣವನ್ನು ವರ್ಣಿಸಿದರು. ಅಲ್ಲಿಯ ಕ್ಷೇತ್ರವು ಕಜಾನಿನಲ್ಲಿ ಸಾಕಾದ ಆ 47.6 ಗೌಸಿನ ಸುಮಾರು 700 ಪಟ್ಟು.

ಇವರೆಲ್ಲರ ಶ್ರಮವು ಒಂದೇ ಎಂದು ನನಗೆ ತೋರುತ್ತದೆ: ಒಮ್ಮೆ ಕಂಡದ್ದು ಬೇಕೆಂದಾಗಲೆಲ್ಲ ಕಾಣುವಂತೆ ಉಪಕರಣವನ್ನು ತಿದ್ದುವುದು. ಬಹುಮಾನಗಳ ಪಟ್ಟಿಯಲ್ಲಿ ಈ ಶ್ರಮಕ್ಕೆ ಸ್ಥಳವು ಕಡಿಮೆ. ಆದರೆ 1941ರಲ್ಲಿ ಆ ಮೂವರು ದುಡುಕಿ ಸಾರಿದ್ದರೆ, ಮೂರು ವರ್ಷಗಳ ಮೇಲೆ ಜವೋಯ್‌ಸ್ಕಿಯವರು ಆಡಿದ ಮಾತನ್ನು ಯಾರು ನಂಬುತ್ತಿದ್ದರು?